ಕಲ್ಲು ಗಟ್ಟಿ, ಒಡೆತನ ಬಿರುಕು: ಕಾಗಿಣಾ ತೀರದ ವಾಡೆಗಳು ಉರುಳುತ್ತಿರುವುದೇಕೆ?

ಕಲಬುರಗಿ ಜಿಲ್ಲೆಯ ಚಿಂಚೋಳಿಯಿಂದ ಸೇಡಂ, ಚಿತ್ತಾಪುರ, ವಾಡಿ ಮಾರ್ಗವಾಗಿ ಶಹಾಬಾದದವರೆಗೆ ಸಂಚರಿಸಿದರೆ ದಾರಿಯುದ್ದಕ್ಕೂ ಹಲವು ಹಳ್ಳಿಗಳಲ್ಲಿ ಒಂದು ಸಮಾನ ದೃಶ್ಯ ಎದುರಾಗುತ್ತದೆ. ಊರಿನ ನಡುವೆ ಎತ್ತರದ ಕಲ್ಲಿನ ಗೋಡೆ, ಆನೆ ಹೋಗುವಷ್ಟು ದೊಡ್ಡ ಬಾಗಿಲು, ಒಳಗೆ ಅರ್ಧ ಕುಸಿದ ಪಡಸಾಲೆ. ಅಂಗಳದಲ್ಲಿ ಬೇವಿನ ಗಿಡ ಬೆಳೆದಿರುತ್ತದೆ. ಒಂದು ಮೂಲೆಯಲ್ಲಿ ಮಾತ್ರ ತಗಡು ಹೊದಿಸಿಕೊಂಡು ಯಾವುದೋ ಒಂದು ಕುಟುಂಬ ವಾಸವಾಗಿರುತ್ತದೆ. ಇದು ಗೌಡರ, ದೇಶಮುಖರ, ದೇಶಪಾಂಡೆಯರ ಅಥವಾ ಜಾಗೀರದಾರರ ವಾಡೆ.

ನೂರು, ನೂರೈವತ್ತು ವರ್ಷ ನಿಂತ ಈ ಮನೆಗಳು ಕಳೆದ ಕೆಲವು ದಶಕಗಳಲ್ಲಿ ಒಂದೊಂದಾಗಿ ನೆಲಕ್ಕೆ ಬೀಳುತ್ತಿವೆ. ಮಳೆಯೇ ಕಾರಣ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಆದರೆ ಅದೇ ಮಳೆಯನ್ನು ಅದೇ ಗೋಡೆಗಳು ಹಲವು ತಲೆಮಾರುಗಳ ಕಾಲ ತಾಳಿಕೊಂಡಿದ್ದವು. ವಾಡೆಯ ಕಟ್ಟಡ ರಚನೆಯನ್ನೂ ಅದರ ಒಡೆತನ ಕೈ ಬದಲಾದ ಬಗೆಯನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಈ ಕುಸಿತದ ಕಾರಣ ಸ್ಪಷ್ಟವಾಗುತ್ತದೆ.

ನೆಲದಡಿಯ ಕಲ್ಲೇ ಗೋಡೆ

ಈ ಭಾಗದ ನೆಲದಡಿ ಇರುವುದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಪದರು ಜೀವಿಗಳಿಗೆ ಗಟ್ಟಿ ಚಿಪ್ಪು ಮೂಡುವುದಕ್ಕಿಂತ ಹಿಂದಿನ ಕಾಲದ್ದು. ಸಮುದ್ರದ ತಳದಲ್ಲಿ ಹಾಳೆ ಹಾಳೆಯಾಗಿ ಶೇಖರಗೊಂಡ ಕಾರಣ ಉಳಿಯಿಟ್ಟು ಬಡಿದರೆ ಪದರು ಪದರಾಗಿಯೇ ಬಿಚ್ಚಿಕೊಳ್ಳುತ್ತದೆ. ಬೂದು, ನೀಲಿ, ತುಸು ಹಸಿರು ಬಣ್ಣದ ಈ ಹಾಸುಗಲ್ಲೇ ಶಹಾಬಾದ ಫರಸಿ. ಹೈದರಾಬಾದಿನಿಂದ ಮುಂಬೈವರೆಗಿನ ಎಷ್ಟೋ ಮನೆಗಳ ನೆಲಕ್ಕೆ ಈ ಕಲ್ಲು ಹೋಗಿದೆ.

ಕಲ್ಲು ದೂರದ ಊರುಗಳನ್ನು ತಲುಪಲು ರೈಲು ಕಾರಣ. 1871ರ ವೇಳೆಗೆ ಮುಂಬೈ ಕಡೆಯ ರೈಲು ಮಾರ್ಗ ಗುಲ್ಬರ್ಗಾ, ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಅದಕ್ಕೂ ಶತಮಾನಗಳ ಹಿಂದಿನಿಂದ ಸ್ಥಳೀಯರಿಗೆ ಈ ಕಲ್ಲೇ ಮನೆಯ ಸಾಮಗ್ರಿಯಾಗಿತ್ತು. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ನೆಲದಲ್ಲಿ, ಕಾಗಿಣಾ ದಂಡೆಯ ಮೇಲೆ ನಿಂತಿರುವ ಕೋಟೆಯ ಗೋಡೆಗೂ ಇದೇ ಜಾತಿಯ ಕಲ್ಲು ಬಳಕೆಯಾಗಿದೆ. ಚಿಂಚೋಳಿಯ ಉತ್ತರಕ್ಕೆ ಸಾಗಿದಂತೆ ಕರಿಕಲ್ಲು ಹಾಗೂ ಬೀದರ ಸೀಮೆಯ ಕೆಂಪು ಮುರಕಲ್ಲು ಕಾಣಿಸಿಕೊಳ್ಳುತ್ತವೆ. ಅಲ್ಲಿ ಗೋಡೆಯ ಬಣ್ಣವೂ ಬದಲಾಗುತ್ತದೆ.

ಅಂಗಳದ ಸುತ್ತ ಮನೆ

ವಾಡೆಯ ವಿನ್ಯಾಸ ಬಹುತೇಕ ಒಂದೇ ಬಗೆಯದು. ಹೊರಗಿನಿಂದ ನೋಡಿದರೆ ಕಿಟಕಿಗಳಿಲ್ಲದ ಕಲ್ಲಿನ ಪೆಟ್ಟಿಗೆ. ಬಾಗಿಲಿನಲ್ಲಿ ಬಾಗಿಲು: ದೊಡ್ಡ ಕದಗಳನ್ನು ಬಂಡಿ, ಮೆರವಣಿಗೆಗಳಿಗಷ್ಟೇ ತೆರೆಯುತ್ತಿದ್ದರು, ದಿನನಿತ್ಯದ ಓಡಾಟಕ್ಕೆ ಅದರೊಳಗಿನ ದಿಡ್ಡಿ ಬಾಗಿಲು. ಒಳ ಹೊಕ್ಕರೆ ಎರಡೂ ಬದಿಗೆ ಕಟ್ಟೆ. ಅಲ್ಲಿ ತಳವಾರರು, ಕಾವಲುಗಾರರು ಕೂಡುತ್ತಿದ್ದರು. ಮುಂದಿನ ಪಡಸಾಲೆಯಲ್ಲಿ ಕಂದಾಯದ ಲೆಕ್ಕ, ನ್ಯಾಯ ತೀರ್ಮಾನ. ಅದರಾಚೆ ಆಕಾಶಕ್ಕೆ ತೆರೆದ ಚೌಕ, ಚೌಕದ ಸುತ್ತ ಕಂಬಗಳ ಸಾಲು, ಕಂಬಗಳ ಹಿಂದೆ ದೇವರ ಮನೆ, ಅಡುಗೆ ಮನೆ, ಕೋಣೆಗಳು. ಹಿಂಭಾಗದಲ್ಲಿ ಬಾವಿ, ಕೊಟ್ಟಿಗೆ, ಹಿತ್ತಲು. ಜೋಳ ತುಂಬಲು ನೆಲದಡಿ ಹಗೇವು. ದೊಡ್ಡ ವಾಡೆಗಳಿಗೆ ಮೂಲೆಯಲ್ಲಿ ಹುಡೇವೂ ಇರುತ್ತಿತ್ತು.

ಸಾರ್ವಜನಿಕ ವ್ಯವಹಾರ ಮುಂದೆ, ಮನೆತನದ ಬದುಕು ಹಿಂದೆ ಎಂಬುದು ಇದರ ಸೂತ್ರ. ಅಂದರೆ ವಾಡೆ ಕೇವಲ ವಾಸದ ಮನೆಯಾಗಿರಲಿಲ್ಲ. ಅದು ಕಚೇರಿಯೂ ಹೌದು, ಉಗ್ರಾಣವೂ ಹೌದು, ಆಪತ್ಕಾಲದಲ್ಲಿ ಊರಿನವರಿಗೆ ಆಶ್ರಯವೂ ಹೌದು.

ಗೋಡೆಗಳ ದಪ್ಪ ಎರಡರಿಂದ ಮೂರು ಅಡಿ. ಒಳಗೊಂದು, ಹೊರಗೊಂದು ಮುಖಗಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಬೇಸಿಗೆಯಲ್ಲಿ ತಾಪಮಾನ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ಇಂತಹ ಗೋಡೆ ಹಗಲಿನ ಬಿಸಿಯನ್ನು ಮೆಲ್ಲನೆ ಹೀರಿ, ಅದು ಒಳಗೆ ತಲುಪುವಷ್ಟರಲ್ಲಿ ಸಂಜೆಯಾಗಿರುತ್ತದೆ. ಚೌಕದ ಬಿಸಿ ಗಾಳಿ ಮೇಲೇರಿದಂತೆ ಪಡಸಾಲೆಯಲ್ಲಿ ಗಾಳಿಯಾಡುತ್ತದೆ.

ಮಾಳಿಗೆಯ ಮೇಲೆ ಮನೆಯ ಆಯುಷ್ಯ

ಇಷ್ಟೆಲ್ಲ ಗಟ್ಟಿಯಾಗಿರುವ ಮನೆಯ ಅತ್ಯಂತ ಸೂಕ್ಷ್ಮ ಭಾಗವೆಂದರೆ ಮಾಳಿಗೆ. ಮರದ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ತೆಳು ಫರಸಿ, ಅದರ ಮೇಲೆ ಹುಳು ಬಾರದಂತೆ ಬೇವಿನ ಸೊಪ್ಪು, ಕಟ್ಟಕಡೆಗೆ ದಪ್ಪನಾದ ಮಣ್ಣಿನ ಮೇಲ್ಮುದ್ದೆ. ಬೆಳಕಿಗಾಗಿ ನಡುನಡುವೆ ಬೆಳಕಿಂಡಿ. ನೀರು ಹೊರಗೆ ಹಾರುವಂತೆ ಕುಂಬಿಯಲ್ಲಿ ಕಲ್ಲಿನ ದೋಣಿ.

ಮಣ್ಣಿನ ಮಾಳಿಗೆ ಪ್ರತಿವರ್ಷ ಆರೈಕೆ ಬೇಡುತ್ತದೆ. ಮೃಗಶಿರಾ ಮಳೆಗೆ ಮೊದಲೇ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ, ಬಡಿದು ಇಳಿಜಾರು ಸರಿಪಡಿಸಬೇಕು. ಒಂದು ವರ್ಷ ತಪ್ಪಿದರೆ ನೀರು ನಿಲ್ಲುತ್ತದೆ. ನಿಂತ ನೀರು ಗೋಡೆಯೊಳಗೆ ಹೂತಿರುವ ತೊಲೆಯ ತುದಿಯನ್ನು ಮೊದಲು ಕೊಳೆಯಿಸುತ್ತದೆ. ಗೆದ್ದಲು ಹತ್ತುವುದೂ ಅಲ್ಲಿಯೇ. ತೊಲೆ ಇಳಿದರೆ ಮಾಳಿಗೆಯ ಟನ್ನುಗಟ್ಟಲೆ ಮಣ್ಣು ಕೆಳಗೆ. ಗೋಡೆಯ ತಲೆ ತೆರೆದುಕೊಂಡ ಮೇಲೆ ಮಳೆನೀರು ನೇರವಾಗಿ ಒಳಗಿನ ಮಣ್ಣನ್ನು ತೊಳೆಯುತ್ತದೆ, ಗೋಡೆ ಉಬ್ಬುತ್ತದೆ, ಬಿರಿಯುತ್ತದೆ. ಕಲ್ಲಿಗೆ ಏನೂ ಆಗಿರುವುದಿಲ್ಲ. ಕಲ್ಲುಗಳನ್ನು ಹಿಡಿದಿಟ್ಟಿದ್ದ ಮಣ್ಣು ಹೋಗಿರುತ್ತದೆ.

ಹೀಗಾಗಿ ವಾಡೆಯೊಂದು ನಿಲ್ಲಬೇಕಾದರೆ ವರ್ಷಕ್ಕೊಮ್ಮೆ ಆಳು, ಬಂಡಿ, ಮಣ್ಣು ಹೊಂದಿಸಬಲ್ಲ ಒಬ್ಬ ಯಜಮಾನ ಬೇಕು. ಆ ಯಜಮಾನನಿಗೆ ಆದಾಯವೂ ಬೇಕು, ನಿರ್ಧರಿಸುವ ಅಧಿಕಾರವೂ ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಮೊದಲು ಆದಾಯ ಹೋಯಿತು, ನಂತರ ಅಧಿಕಾರ ಹಂಚಿಹೋಯಿತು.

ಜಾಗೀರು, ವತನು, ಖಾಲಸಾ

1956ರ ನವೆಂಬರ್ 1ರವರೆಗೆ ಗುಲ್ಬರ್ಗಾ ಹೈದರಾಬಾದ್ ರಾಜ್ಯದ ಜಿಲ್ಲೆ. ಇಂದು ತೆಲಂಗಾಣದಲ್ಲಿರುವ ತಾಂಡೂರು, ಕೊಡಂಗಲ್ ಕೂಡ ಆಗ ಇದೇ ಜಿಲ್ಲೆಗೆ ಸೇರಿದ್ದವು. ನಮ್ಮ ವಾಡೆಯನ್ನೇ ಹೋಲುವ ಮನೆಯನ್ನು ಅಲ್ಲಿನವರು ಗಡಿ ಎನ್ನುತ್ತಾರೆ.

ನಿಜಾಮರ ರಾಜ್ಯದ ಭೂಮಿಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಸರಕಾರಕ್ಕೆ ನೇರವಾಗಿ ಕಂದಾಯ ಬರುವ ದಿವಾನಿ ಅಥವಾ ಖಾಲಸಾ, ನಿಜಾಮರ ಖಾಸಗಿ ಖರ್ಚಿನ ಸರ್ಫ್-ಎ-ಖಾಸ್, ಹಾಗೂ ಜಾಗೀರು. ರಾಜ್ಯದ ಸುಮಾರು ಮೂರನೇ ಒಂದು ಭಾಗ ಜಾಗೀರುದಾರರ ಕೈಯಲ್ಲಿತ್ತು. ಜಾಗೀರುಗಳಲ್ಲಿ ಅತಿ ದೊಡ್ಡವು ಪೈಗಾ ಮನೆತನದವರದು. ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಪೈಗಾ ಸೀಮೆಗಳಿದ್ದವು.

ಖಾಲಸಾ ಹಳ್ಳಿಗಳಲ್ಲಿ ಕಂದಾಯ ವಸೂಲಿ ಹಿಂದೆ ದೇಶಮುಖ, ದೇಶಪಾಂಡೆಯರ ಹೊಣೆಯಾಗಿತ್ತು. ದಿವಾನ ಒಂದನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾ ಆಡಳಿತ ವ್ಯವಸ್ಥೆ ತಂದಾಗ ವಸೂಲಿ ಸರಕಾರಿ ಅಧಿಕಾರಿಗಳ ಕೈಗೆ ಹೋಯಿತು. ಹಳೆಯ ಮನೆತನಗಳಿಗೆ ರುಸುಮು ಎಂಬ ನಗದು ಸಲ್ಲತೊಡಗಿತು. ಅಧಿಕಾರ ಕಡಿಮೆಯಾದರೂ ಭೂಮಿ ಮತ್ತು ಪ್ರತಿಷ್ಠೆ ಉಳಿದವು. ಪಟೇಲ, ಪಟವಾರಿ ಹುದ್ದೆಗಳು ವಂಶಪಾರಂಪರ್ಯ ವತನುಗಳಾಗಿ ಮುಂದುವರಿದವು.

ಈ ವೈಭವಕ್ಕೆ ಇನ್ನೊಂದು ಮುಖವಿತ್ತು ಎಂಬುದನ್ನು ಮರೆಯುವಂತಿಲ್ಲ. ಗೋಡೆಗೆ ಕಲ್ಲು ಹೊತ್ತವರು, ಪ್ರತಿವರ್ಷ ಮಾಳಿಗೆಗೆ ಮಣ್ಣು ಹೊತ್ತವರು ಬಹುಮಟ್ಟಿಗೆ ಬಿಟ್ಟಿ ದುಡಿಮೆಯವರು. ಎಷ್ಟೋ ಜನರಿಗೆ ದೊಡ್ಡ ಬಾಗಿಲಿನಾಚೆ ಪ್ರವೇಶವಿರಲಿಲ್ಲ. ವಾಡೆ ಬಿದ್ದಿದ್ದಕ್ಕೆ ಊರಿನಲ್ಲಿ ಎಲ್ಲರೂ ಮರುಗುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

ನೆಲ ಹೋಯಿತು, ಮನೆ ಉಳಿಯಿತು

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಅದಕ್ಕೂ ಮೊದಲು ರಜಾಕಾರರ ಹಾವಳಿಗೆ ಅಂಜಿ ಅನೇಕ ಕುಟುಂಬಗಳು ಸೊಲ್ಲಾಪುರದ ಕಡೆಗೆ ಹೋಗಿದ್ದವು. ಕಾರ್ಯಾಚರಣೆಯ ನಂತರದ ಹಿಂಸೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ಮುಸ್ಲಿಂ ಕುಟುಂಬಗಳು ಮನೆ ತೊರೆದವು. ಹೀಗೆ ಬೀಗ ಬಿದ್ದ ವಾಡೆಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ.

1949ರ ಆಗಸ್ಟ್‌ನಲ್ಲಿ ಜಾಗೀರು ರದ್ದತಿ ಶಾಸನ ಜಾರಿಗೆ ಬಂದಿತು. ಜಾಗೀರುಗಳ ಆಡಳಿತ ಸರಕಾರದ ವಶವಾಗಿ, ಜಾಗೀರುದಾರರಿಗೆ ಪರಿಹಾರದ ಕಂತು ನಿಗದಿಯಾಯಿತು. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ಗೇಣಿದಾರರಿಗೆ ರಕ್ಷಣೆ ನೀಡಿತು. 1955ರಲ್ಲಿ ಇನಾಮು ರದ್ದತಿ, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರ ಕಾಯ್ದೆಯ ಮೂಲಕ ಗ್ರಾಮಾಧಿಕಾರಿ ವತನುಗಳ ರದ್ದತಿ. ಕಟ್ಟಕಡೆಯ ಹಾಗೂ ಬಲವಾದ ಪೆಟ್ಟು 1974ರದು. ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಆ ವರ್ಷದ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನು ಸರಕಾರದಲ್ಲಿ ನಿಹಿತವಾಗಿ, ಭೂ ನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ದೊರೆಯಿತು.

ಲಕ್ಷಾಂತರ ರೈತರಿಗೆ ನ್ಯಾಯ ಒದಗಿಸಿದ ಈ ಕಾನೂನುಗಳು ವಾಸದ ವಾಡೆಗಳನ್ನು ಮುಟ್ಟಲಿಲ್ಲ. ಆದರೆ ಐದಾರು ಹಳ್ಳಿಗಳ ಉತ್ಪನ್ನವನ್ನು ನಂಬಿ ಕಟ್ಟಿದ ಮನೆಯನ್ನು ಇನ್ನು ಮುಂದೆ ಒಂದು ಕುಟುಂಬದ ಒಕ್ಕಲುತನದಿಂದಲೋ ಸಂಬಳದಿಂದಲೋ ನಿಭಾಯಿಸಬೇಕಾಯಿತು.

ಇಂಗ್ಲೆಂಡಿನಲ್ಲಿಯೂ ಅದೇ ವರ್ಷ

ಇಂತಹ ಸ್ಥಿತಿ ಈ ಭಾಗಕ್ಕೆ ಮಾತ್ರ ಬಂದುದಲ್ಲ. 1974ರ ಅಕ್ಟೋಬರಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಒಂದು ಪ್ರದರ್ಶನ ನಡೆಯಿತು. ಹಿಂದಿನ ಸುಮಾರು ನೂರು ವರ್ಷಗಳಲ್ಲಿ ಕೆಡವಿಹಾಕಲಾದ ಹಳ್ಳಿಗಾಡಿನ ಬಂಗಲೆಗಳೇ ಅದರ ವಿಷಯ. ಅಂತಹ ಮನೆಗಳ ಸಂಖ್ಯೆ ಸಾವಿರವನ್ನು ಮೀರಿತ್ತು. ಅಲ್ಲಿಯೂ ಕಾರಣ ನೆಲದ ಆದಾಯವೇ. 1870ರ ದಶಕದಿಂದ ಅಮೆರಿಕದ ಅಗ್ಗದ ಧಾನ್ಯ ಬಂದು ಗೇಣಿ ಕುಸಿಯಿತು, 1894ರಲ್ಲಿ ಎಸ್ಟೇಟ್ ತೆರಿಗೆ ಬಂದಿತು, ಎರಡು ಮಹಾಯುದ್ಧಗಳು ಉಳಿದದ್ದನ್ನು ಮುಗಿಸಿದವು.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಇಂಗ್ಲೆಂಡಿನ ಸಿರಿವಂತರಲ್ಲಿ ಮನೆ ಮತ್ತು ನೆಲ ಇಡಿಯಾಗಿ ಹಿರಿಯ ಮಗನಿಗೆ ಹೋಗುವುದು ವಾಡಿಕೆ. ಮಾರಲು, ದಾನ ಕೊಡಲು, ಕೆಡವಲು ಒಬ್ಬನೇ ಸಹಿ ಮಾಡಿದರೆ ಸಾಕಿತ್ತು. ಆದ್ದರಿಂದಲೇ ನ್ಯಾಷನಲ್ ಟ್ರಸ್ಟ್ 1937ರಲ್ಲಿ ಒಂದು ಯೋಜನೆ ರೂಪಿಸಲು ಸಾಧ್ಯವಾಯಿತು: ಮಾಲೀಕ ಮನೆಯನ್ನು ಟ್ರಸ್ಟಿಗೆ ಬಿಟ್ಟುಕೊಡುವುದು, ಕುಟುಂಬ ಅದರ ಒಂದು ಭಾಗದಲ್ಲಿ ವಾಸ ಮುಂದುವರಿಸುವುದು, ಸಾರ್ವಜನಿಕರಿಗೆ ನೋಡಲು ಅವಕಾಶ ನೀಡುವುದು. ಕಾಗಿಣಾ ತೀರದ ವಾಡೆಗೆ ಇಂತಹ ಒಂದೇ ಸಹಿಯ ದಾರಿ ಇಲ್ಲ.

ಪಾಲಿಗೆ ಗೋಡೆ, ಮಾಳಿಗೆ ಒಂದೇ

ಹಿಂದೂ ಕುಟುಂಬಗಳಲ್ಲಿ ಮಿತಾಕ್ಷರ ಪದ್ಧತಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡು ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಬರುತ್ತಿತ್ತು. ಮುಸ್ಲಿಂ ಕಾನೂನಿನಲ್ಲಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ನಿಗದಿತ ಹಿಸ್ಸೆಯಿದೆ. ಒಬ್ಬ ಯಜಮಾನನಿಗೆ ನಾಲ್ವರು ಮಕ್ಕಳು, ಅವರಿಗೂ ನಾಲ್ಕು ನಾಲ್ಕು ಮಕ್ಕಳು ಎಂದಿಟ್ಟುಕೊಂಡರೆ ಮೂರನೆಯ ತಲೆಮಾರಿಗೆ ವಾಡೆಯ ಒಡೆಯರು 16 ಮಂದಿ. ಅವರಲ್ಲಿ ಒಬ್ಬರು ಊರಿನಲ್ಲಿ, ಕೆಲವರು ಕಲಬುರಗಿಯಲ್ಲಿ, ಉಳಿದವರು ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ.

ಪಾಲು ಆದಾಗ ಮೊದಲು ಏಳುವುದು ಚೌಕದ ನಡುವಿನ ಗೋಡೆ. ಅದರಿಂದ ಗಾಳಿ, ಬೆಳಕು ಕಡಿಮೆಯಾಗುತ್ತವೆ, ಮಳೆನೀರು ಹರಿದುಹೋಗುವ ದಾರಿ ಮುಚ್ಚುತ್ತದೆ. ಇನ್ನೂ ದೊಡ್ಡ ತೊಂದರೆ ಮೇಲಿದೆ. ಕೋಣೆಗಳನ್ನು ಹಂಚಬಹುದು, ಮಾಳಿಗೆಯನ್ನು ಹಂಚಲಾಗದು. ಒಂದೇ ತೊಲೆ ಅಣ್ಣನ ಕೋಣೆಯಿಂದ ತಮ್ಮನ ಕೋಣೆಗೆ ಹಾದುಹೋಗಿರುತ್ತದೆ. ಬೀಗ ಹಾಕಿಕೊಂಡು ಹೋದ ಒಬ್ಬನ ಪಾಲಿನಲ್ಲಿ ನೀರು ನಿಂತರೆ ಪಕ್ಕದಲ್ಲಿ ವಾಸವಿರುವವನ ಗೋಡೆ ನೆನೆಯುತ್ತದೆ. ಆತ ತನ್ನ ಖರ್ಚಿನಿಂದ ದುರಸ್ತಿ ಮಾಡಿಸಿದರೆ ಮನೆಯನ್ನು ಕಬಳಿಸುತ್ತಿದ್ದಾನೆ ಎಂಬ ಸಂಶಯ. ಮಾಡಿಸದಿದ್ದರೆ ಎಲ್ಲರಿಗೂ ನಷ್ಟ.

ಇದರ ಅಪವಾದವನ್ನು ಹೆಣ್ಣು ಮಕ್ಕಳ ಹಕ್ಕಿನ ಮೇಲೆ ಹೊರಿಸುವವರಿದ್ದಾರೆ. ವಾಸ್ತವ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಂ ಪ್ರಕಾರ, ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರರು ವಾಸದ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. ಈ ಕಲಂ ರದ್ದಾದುದು 2005ರ ಸೆಪ್ಟೆಂಬರ್ 9ರಂದು. ಅಂದೇ ಹೆಣ್ಣು ಮಕ್ಕಳಿಗೂ ಹುಟ್ಟಿನಿಂದ ಪಾಲಿನ ಹಕ್ಕು ದೇಶದಾದ್ಯಂತ ದೊರೆಯಿತು. 1994ರಲ್ಲಿಯೇ ಕರ್ನಾಟಕ ಭಾಗಶಃ ಇದನ್ನು ನೀಡಿತ್ತು. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಎತ್ತಿಹಿಡಿಯಿತು. ಚೌಕದ ನಡುವಿನ ಗೋಡೆಗಳು ಇದಕ್ಕೆ ಬಹಳ ಹಿಂದೆಯೇ, ಅಣ್ಣತಮ್ಮಂದಿರ ನಡುವೆ ಎದ್ದಿದ್ದವು.

ಒಗ್ಗಟ್ಟು ಸಾಧ್ಯವಾಗದಾಗ ಉಳಿಯುವುದು ಮಾರಾಟ. ಕೆತ್ತನೆಯ ಕಂಬ, ಚೌಕಟ್ಟು, ತೊಲೆಗಳಿಗೆ ನಗರದ ಹಳೆ ವಸ್ತು ವ್ಯಾಪಾರಿಗಳಲ್ಲಿ ಬೆಲೆಯಿದೆ. ಮರ ಹೋದ ಮೇಲೆ ಕಲ್ಲು ಪಾಯಕ್ಕೆ ಹೋಗುತ್ತದೆ. ಜಾಗದಲ್ಲಿ ಕಾಂಕ್ರೀಟ್ ಮನೆ ಏಳುತ್ತದೆ. ಆ ಸಿಮೆಂಟೂ ಇದೇ ನೆಲದ ಸುಣ್ಣದ ಕಲ್ಲಿನದೇ. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯಲ್ಲಿ ವಿಲೀನಗೊಂಡಿತು. 1968ರಲ್ಲಿ ವಾಡಿಯಲ್ಲಿ, ಎಂಬತ್ತರ ದಶಕದಲ್ಲಿ ಮಳಖೇಡ ಹಾಗೂ ಸೇಡಂನಲ್ಲಿ ಕಾರ್ಖಾನೆಗಳು ಬಂದವು. ವಾಡೆಯ ಮಕ್ಕಳೂ ವಾಡೆಯ ಆಳುಗಳ ಮಕ್ಕಳೂ ಅಲ್ಲಿ ಸಂಬಳದ ಕೆಲಸ ಕಂಡರು. ಬಿಟ್ಟಿಯಿಂದ ಬಿಡುಗಡೆಯಾದ ಕುಟುಂಬಗಳು ಮಾಳಿಗೆಗೆ ಮಣ್ಣು ಹೊರಲು ಮತ್ತೆ ಬರಲಿಲ್ಲ.

ಉಳಿದವು ಹೇಗೆ ಉಳಿದವು?

ನೆರೆಯ ಸುರಪುರದ ಟೇಲರ್ ಮಂಜಿಲ್ ಇಲ್ಲಿ ಗಮನಾರ್ಹ. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಗುವವರೆಗೆ ಸುರಪುರ ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇತ್ತು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ಅದು. ವಾಡೆ ಒಳಮುಖಿಯಾದರೆ ಈ ಬಂಗಲೆ ಎತ್ತರದಿಂದ ಊರನ್ನು ನೋಡುತ್ತದೆ. 1853ರಲ್ಲಿ ಟೇಲರ್ ಅಧಿಕಾರ ಒಪ್ಪಿಸಿ ಹೊರಟರು. 1858ರಲ್ಲಿ ರಾಜರು ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದರು, ಸೆರೆಯಲ್ಲಿಯೇ ಗುಂಡೇಟಿನಿಂದ ಪ್ರಾಣ ಬಿಟ್ಟರು. 1860ರಲ್ಲಿ ಸಂಸ್ಥಾನ ನಿಜಾಮರಿಗೆ ಸೇರಿತು. ಸರಕಾರಗಳು ಬದಲಾದರೂ ಬಂಗಲೆ ಪಾಲಾಗಲಿಲ್ಲ. ಸರಕಾರಿ ಅತಿಥಿಗೃಹವಾಗಿ ಬಳಕೆಗೆ ಬಂದು ಉಳಿಯಿತು.

ಬೆಳಗಾವಿ ಜಿಲ್ಲೆಯ ಶಿರಸಂಗಿಯದು ಇನ್ನೊಂದು ದಾರಿ. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮರಣಪತ್ರದ ಮೂಲಕ ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ಅವರ ವಾಡೆ ಇಂದಿಗೂ ನಿಂತಿದೆ. ಮೂರನೆಯ ದಾರಿ ಸ್ಥಳಾಂತರ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ರೂಪಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲಿನಂತಹ ಕಟ್ಟಡಗಳನ್ನು ಬಿಚ್ಚಿ ಮರುಜೋಡಿಸಲಾಗಿದೆ. ಕಟ್ಟಡ ಉಳಿಯುತ್ತದೆ, ಊರು ಕಳೆದುಕೊಳ್ಳುತ್ತದೆ.

ವಾರಸುದಾರರು ತಿಳಿದಿರಬೇಕಾದುದು

ವಾಡೆ ಹಳೆಯದೆಂಬ ಕಾರಣಕ್ಕೆ ತಾನಾಗಿಯೇ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಸರಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ 1961ರ ರಾಜ್ಯ ಸ್ಮಾರಕ ಕಾಯ್ದೆ ಅನ್ವಯಿಸುತ್ತದೆ. ಆದ್ದರಿಂದ ಹೊಣೆ ಬಹುಪಾಲು ವಾರಸುದಾರರದೇ.

ಮೊದಲ ಕೆಲಸ ದಾಖಲೆ. ಹಳೆಯ ಕಾಗದಗಳು ಉರ್ದುವಿನಲ್ಲಿ, ಕೆಲವೊಮ್ಮೆ ಮೋಡಿ ಲಿಪಿಯಲ್ಲಿ ಇರುತ್ತವೆ. ತಾರೀಖು ಫಸಲಿಯಲ್ಲಿದ್ದರೆ 590 ಅಥವಾ 591 ಕೂಡಿಸಿ ಕ್ರಿಸ್ತಶಕ ತಿಳಿಯಬೇಕು. ಎಷ್ಟೋ ವಾಡೆಗಳು ಪಂಚಾಯಿತಿ ಪುಸ್ತಕದಲ್ಲಿ ಇಂದಿಗೂ ಮುತ್ತಜ್ಜನ ಹೆಸರಿನಲ್ಲಿವೆ. ಪೌತಿ ಖಾತೆಯಾಗದೆ ದುರಸ್ತಿಗೆ ಸಾಲವೂ ಸಿಗದು, ಟ್ರಸ್ಟೂ ಸಾಧ್ಯವಾಗದು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ ಮನೆಗಳನ್ನು ಡ್ರೋನ್ ಮೂಲಕ ಅಳೆದು ಆಸ್ತಿ ಕಾರ್ಡ್ ನೀಡಲಾಗುತ್ತದೆ. ಆಗ ಯಾರ ಹೆಸರು ಬರೆಸಲಾಗುತ್ತದೆ ಎಂಬುದನ್ನು ದೂರದಲ್ಲಿರುವ ಪಾಲುದಾರರೂ ಗಮನಿಸಬೇಕು.

ಎರಡನೆಯದು, ಹೊರಗಿನವರಿಗೆ ಪಾಲು ಮಾರಾಟವಾದಾಗಿನ ರಕ್ಷಣೆ. ಅವಿಭಕ್ತ ಕುಟುಂಬದ ವಾಸದ ಮನೆಯ ಪಾಲನ್ನು ಕೊಂಡ ಹೊರಗಿನವನು ವಿಭಜನೆ ಕೋರಿ ದಾವೆ ಹೂಡಿದರೆ, 1893ರ ವಿಭಜನಾ ಕಾಯ್ದೆಯ 4ನೇ ಕಲಂ ಪ್ರಕಾರ ಕುಟುಂಬದ ಪಾಲುದಾರರು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಆ ಪಾಲನ್ನು ತಾವೇ ಕೊಳ್ಳಬಹುದು.

ಮೂರನೆಯದು ಮಾಳಿಗೆ. ಕೋಣೆಗಳು ಹಂಚಿಹೋಗಿದ್ದರೂ ಮಾಳಿಗೆಯ ಖರ್ಚನ್ನು ಪಾಲಿನ ಪ್ರಮಾಣದಲ್ಲಿ ಭರಿಸುವುದೆಂದು ಒಂದು ಕರಾರು ಬರೆದುಕೊಳ್ಳಲು ಅಡ್ಡಿಯಿಲ್ಲ. ಅದರಲ್ಲಿ ದುರಸ್ತಿ ಮಾಡಿಸಿದವರಿಗೆ ಹೆಚ್ಚಿನ ಹಕ್ಕು ಬರುವುದಿಲ್ಲ ಎಂದು ಸ್ಪಷ್ಟಪಡಿಸಿದರೆ ಸಂಶಯಕ್ಕೂ ಎಡೆಯಿರುವುದಿಲ್ಲ. ದುರಸ್ತಿಯಲ್ಲಿ ಮಣ್ಣು, ಸುಣ್ಣಗಳನ್ನೇ ಬಳಸುವುದು ಕ್ಷೇಮ. ಮಣ್ಣಿನ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು ಗೋಡೆ ಬೇಗ ಹಾಳಾಗುತ್ತದೆ.

ಪ್ರತಿವರ್ಷ ಮುಂಗಾರಿಗೆ ಮೊದಲು ಒಂದು ದಿನ, ಪಾಲುದಾರರಲ್ಲಿ ಯಾರಾದರೂ ಒಬ್ಬರು ಏಣಿ ಹತ್ತಿ ಮಾಳಿಗೆಯ ಹುಲ್ಲು ಕೀಳಿಸಿ, ದೋಣಿಯ ಕಸ ತೆಗೆಸಿದರೆ ನಿಂತಿರುವ ವಾಡೆ ಇನ್ನಷ್ಟು ಮಳೆಗಾಲಗಳನ್ನು ಕಾಣಬಲ್ಲದು. ಅದು ಯಾರ ಕೆಲಸ ಎಂಬುದನ್ನು ಮಾತ್ರ ಮನೆಯವರು ಮೊದಲು ಕುಳಿತು ತೀರ್ಮಾನಿಸಬೇಕಾಗಿದೆ.